ಬಟ್ಟೆ ಒಣಗುವ ಹೊತ್ತಿನ ತಪಾಸಣೆ: ನನ್ನ ಅನುಭವ

ಕೋಲಾರದ ಎಪಿಎಂಸಿ ಟೊಮೆಟೊ ಮಾರುಕಟ್ಟೆ ಮತ್ತು ಬಸ್ ನಿಲ್ದಾಣದ ಸುತ್ತ ಮಲಗುವ ಯುವಕರನ್ನು ಐಸಿಟಿಸಿ (ಎಚ್‌ಐವಿ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ) ಮೆಟ್ಟಿಲು ಹತ್ತಿಸುವುದು ಆಗದ ಮಾತೆಂದು ನಮ್ಮ ಜೊತೆಯ ಕ್ಷೇತ್ರ ಕಾರ್ಯಕರ್ತರೇ ಹೇಳುತ್ತಿದ್ದರು. ರಾತ್ರಿಯೆಲ್ಲ ಬಾಕ್ಸ್ ಲೋಡ್ ಮಾಡಿ ಬೆಳಗ್ಗೆ ಮಲಗುವವನು ಒಪಿಡಿ ಸರತಿಯಲ್ಲಿ ನಿಲ್ಲುವುದಿಲ್ಲ. ನಿಂತರೂ ಪಕ್ಕದವರು ಮೂಗು ಮುಚ್ಚಿಕೊಳ್ಳುವುದನ್ನು ಕಂಡು ಚೀಟಿ ಮಾಡಿಸುವ ಮೊದಲೇ ಹೊರಟುಬಿಡುತ್ತಾನೆ.

ಪರೀಕ್ಷೆಗೆ ಬಂದವರಿಗೆ 50 ರೂಪಾಯಿ ಕೊಡುವ ಉಪಾಯದಲ್ಲಿ ಸುಮಾರು 8,000 ರೂಪಾಯಿ ಕರಗಿತು, ಏಕೆಂದರೆ ಒಬ್ಬನೇ ಮೂರು ಹೆಸರಿನಲ್ಲಿ ರಕ್ತ ಕೊಟ್ಟು ಹೋಗುತ್ತಿದ್ದ. ಆಮೇಲೆ ಒಂದು ಬಚ್ಚಲುಮನೆಯನ್ನು ಬಾಡಿಗೆಗೆ ಹಿಡಿದು, ಹಣದ ಬದಲು ಸ್ನಾನ ಕೊಟ್ಟೆವು. ಬಹುತೇಕರಿಗೆ ಇರುವುದು ಒಂದೇ ಜೊತೆ ಬಟ್ಟೆಯಾದ್ದರಿಂದ, ಒಗೆದ ಪ್ಯಾಂಟು ಒಣಗುವ ತನಕ ನಾವು ಕೊಟ್ಟ ಲುಂಗಿ ಉಟ್ಟು ನೆರಳಿನಲ್ಲಿ ಕೂರುತ್ತಾರೆ, ಮತ್ತು ಎರಡನೆಯ ಚಹಾದ ಹೊತ್ತಿಗೆ ಉರಿಮೂತ್ರದ ಮಾತೋ, ಕೀವಿನ ಮಾತೋ ತಾನಾಗಿ ಬರುತ್ತದೆ. ಪರೀಕ್ಷೆ ಬೇಡವೆಂದವನಿಗೂ ಸ್ನಾನ ತಪ್ಪಿಸುವುದಿಲ್ಲ. ಆ ನಿಯಮ ಸಡಿಲಿಸಿದರೆ ಇಡೀ ಯೋಜನೆ ಕುಸಿಯುತ್ತದೆ.

ಮೂತ್ರನಾಳದಿಂದ ಕೀವು ಸೋರುವವರಿಗೆ ವೈದ್ಯರು ಬರೆದುಕೊಡುವ ಬೂದು ಬಣ್ಣದ ಮಾತ್ರೆ ಕಿಟ್ ಒಂದೇ ಸಲಕ್ಕೆ ನುಂಗಿ ಮುಗಿಯುವುದರಿಂದ ಬೀದಿಯವರಿಗೆ ಹೇಳಿಮಾಡಿಸಿದಂತಿದೆ. ಸಿಫಿಲಿಸ್ ಇದ್ದವರನ್ನು ಮಾತ್ರ ಪೆನಿಸಿಲಿನ್ ಚುಚ್ಚುಮದ್ದಿಗಾಗಿ ಆಸ್ಪತ್ರೆಗೇ ಕರೆದೊಯ್ಯಬೇಕು, ಆದರೆ ಮೈ ತೊಳೆದು ಒಗೆದ ಅಂಗಿ ತೊಟ್ಟವನು ಸರತಿಗೆ ಹೆದರುವುದಿಲ್ಲ.

ಎಚ್‌ಐವಿ ಇದ್ದವರ ಟಿಎಲ್‌ಡಿ (ಮೂರು ಔಷಧಿ ಸೇರಿದ ಎಚ್‌ಐವಿ ಮದ್ದು) ಮಾತ್ರೆ ದಿನಕ್ಕೊಂದೇ ಆದರೂ ಡಬ್ಬಿ ಮಳೆಗೆ ನೆನೆಯುತ್ತದೆ, ಇಲ್ಲವೇ ಚೀಲದ ಸಮೇತ ಕಳುವಾಗುತ್ತದೆ. ಅದಕ್ಕಾಗಿ ಒಂದು ಚಹಾ ಅಂಗಡಿಯಲ್ಲಿ ಬೀಗದ ಟ್ರಂಕು ಇಟ್ಟಿದ್ದೇವೆ. ಅದರಲ್ಲಿ ಎಲ್ಲರ ಸಾಮಾನೂ ಇರುವುದರಿಂದ ಯಾರದು ಯಾವ ಮಾತ್ರೆಯೆಂದು ತಿಳಿಯದು. ಅಂಗಡಿಯವರನ್ನು ಒಪ್ಪಿಸಿದ ಬಗೆಯನ್ನು ಇಲ್ಲಿ ಬರೆಯಲಾರೆ. ಶೌಚಾಲಯದ ಬಾಗಿಲ ಹಿಂದೆ ಕಾಂಡೋಮ್ ಡಬ್ಬಿ ತೂಗುಹಾಕಿದ್ದು ಬರಿಯ ಪ್ರಯೋಗವಾಗಿತ್ತು, ಆದರೆ ಕೈಯಿಂದ ಹಂಚಿದ್ದಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು ಖಾಲಿಯಾಯಿತು.

ಯುವತಿಯರಿಗೆ ಸಮಯವೂ ಬೇರೆ, ಅಗತ್ಯವೂ ಬೇರೆ: ಅವರು ಮೊದಲು ಕೇಳುವುದು ಪ್ಯಾಡು ಮತ್ತು ಗರ್ಭಪರೀಕ್ಷೆಯ ಕಿಟ್. ಬಲಾತ್ಕಾರವಾಗಿದ್ದರೆ 72 ಗಂಟೆಯೊಳಗೆ ಪಿಇಪಿ (ಎಚ್‌ಐವಿ ತಗಲದಂತೆ ತಡೆಯುವ ಮದ್ದು) ಶುರುವಾಗಬೇಕಾದ್ದರಿಂದ, ಸಾಕ್ಷ್ಯವೂ ಅಳಿಯಬಾರದಾದ್ದರಿಂದ, ಆಗ ಸ್ನಾನ ಮಾಡಿಸದೆ, ಬಟ್ಟೆ ಒಗೆಸದೆ ನೇರವಾಗಿ ಆಸ್ಪತ್ರೆಗೆ ಹೋಗುತ್ತೇವೆ. ಹದಿನೆಂಟು ತುಂಬದವರಿಗೆ, ದೌರ್ಜನ್ಯದ ಸಂಗತಿ ತಿಳಿದರೆ ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆ ಕಾಯ್ದೆ) ಪ್ರಕಾರ ನಾವು ದೂರು ಕೊಡಲೇಬೇಕೆಂದು ಮಾತಿಗೆ ಮೊದಲೇ ತಿಳಿಸಿ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡುತ್ತೇವೆ.

ಬಾಡಿಗೆ, ಸಾಬೂನು, ಚಹಾ ಸೇರಿ ತಿಂಗಳಿಗೆ 4,500 ರೂಪಾಯಿ ತಗಲುತ್ತದೆ, ಟೊಮೆಟೊ ಹಂಗಾಮಿನಲ್ಲಿ ಇನ್ನೂ ಜಾಸ್ತಿ. ಅಂದು ಆಗದ ಮಾತೆಂದವರೇ ಈಗ ಲುಂಗಿ ಸಗಟಿನಲ್ಲಿ ಎಲ್ಲಿ ಸಿಗುತ್ತದೆಂದು ಕೇಳುತ್ತಿದ್ದಾರೆ. ಸಂಗಾತಿಗಳ ಚಿಕಿತ್ಸೆಯೊಂದು ಮಾತ್ರ ಇನ್ನೂ ಕೈಗೆ ಬಂದಿಲ್ಲ; ಹೆಸರು ಹೇಳುವಷ್ಟರಲ್ಲಿ ಆ ಸಂಗಾತಿಯಿದ್ದ ಲಾರಿ ಹೊರ ರಾಜ್ಯ ಸೇರಿರುತ್ತದೆ.