ಎಎಂಸಿ ಯಾರು ಬಿಡ್ತಾರೆ ಅಂತ ಹೇಳೋ ಸಾಫ್ಟ್‌ವೇರ್ ಹುಡುಕಿದ್ದು: ನನ್ನ ಅನುಭವ

ನಮ್ದು ಪೀಣ್ಯದಲ್ಲಿರೋ ವಾಟರ್ ಪ್ಯೂರಿಫೈಯರ್ ಸರ್ವಿಸ್ ಕಂಪನಿ. ಮನೆಮನೆಗೆ ಹೋಗಿ ಫಿಲ್ಟರ್, ಮೆಂಬ್ರೇನ್ ಬದಲಾಯಿಸೋದು, ವರ್ಷಕ್ಕೊಂದ್ಸಲ ಎಎಂಸಿ, ಅಂದ್ರೆ ವರ್ಷದ ಸರ್ವಿಸ್ ಕಾಂಟ್ರಾಕ್ಟ್, ರಿನ್ಯೂ ಮಾಡಿಸೋದು. ನಾನು ಅಲ್ಲಿ ಎಂಐಎಸ್, ಅಂದ್ರೆ ಕಂಪನಿಯ ಡೇಟಾ, ರಿಪೋರ್ಟ್ ಕೆಲಸ ನೋಡ್ಕೋತೀನಿ. 2023ರಲ್ಲಿ ಓನರ್ ಕರೆದು "ಯಾರು ರಿನ್ಯೂ ಮಾಡಲ್ಲ ಅಂತ ಮುಂಚೇನೇ ಹೇಳೋ ಸಾಫ್ಟ್‌ವೇರ್ ಬಂದಿದ್ಯಂತೆ, ಯಾವುದು ಒಳ್ಳೇದು ನೋಡಪ್ಪ" ಅಂದ್ರು.

ಮೊದಲು ಎಲ್ರೂ ಮಾಡೋ ಹಾಗೆ ಒಂದು ಎಕ್ಸೆಲ್ ಶೀಟ್ ಮಾಡಿದೆ. ಮೇಲೆ ಸಾಫ್ಟ್‌ವೇರ್ ಹೆಸರು, ಪಕ್ಕದಲ್ಲಿ ಫೀಚರ್, ಡಿಸಿಷನ್ ಟ್ರೀ ಇದ್ಯಾ, ಕ್ಲಸ್ಟರಿಂಗ್ ಇದ್ಯಾ, ಡ್ಯಾಶ್‌ಬೋರ್ಡ್ ಇದ್ಯಾ ಅಂತ. ಎರಡು ವಾರ ಕೂತು ತುಂಬಿಸಿದ ಮೇಲೆ ನೋಡಿದ್ರೆ ಎಲ್ಲಾ ಕಡೆ ಟಿಕ್ಕೇ ಇತ್ತು. ಆ ಶೀಟ್ ನೋಡಿ ಏನೂ ತೀರ್ಮಾನ ಮಾಡಕ್ಕಾಗಲ್ಲ, ದಯವಿಟ್ಟು ಅದಕ್ಕೆ ಟೈಮ್ ಹಾಕ್ಬೇಡಿ.

ಆಮೇಲೆ ಡೆಮೋಗೆ ಬಂದವರು ಯಾವುದೋ ಟೆಲಿಕಾಂ ಕಂಪನಿ ಡೇಟಾ ಹಾಕಿ ತೋರಿಸಿದ್ರು, ಚೆನ್ನಾಗಿತ್ತು. ನಾನು "ಸಾರ್, ನಮ್ಮ ಡೇಟಾ ಹಾಕಿ ತೋರಿಸಿ" ಅಂದೆ. ನಮ್ಮ ಡೇಟಾ ಹೇಗಿದೆ ಅಂದ್ರೆ, ಏರಿಯಾ ಅನ್ನೋ ಕಾಲಮ್ಮಲ್ಲಿ ಜೆ.ಪಿ. ನಗರ, ಜೇಪಿ ನಗರ್, ಜೆಪಿನಗರ 7ನೇ ಫೇಸ್, ಬರೀ 7ನೇ ಫೇಸ್, ಹೀಗೆ ಒಂದೇ ಜಾಗಕ್ಕೆ ಎಷ್ಟೋ ಹೆಸರು, ಟೆಕ್ನಿಷಿಯನ್ ಹುಡುಗ್ರು ಗಾಡಿ ಮೇಲೆ ಕೂತು ಮೊಬೈಲಲ್ಲಿ ಟೈಪ್ ಮಾಡೋದಲ್ವಾ. ಫೋನ್ ನಂಬರ್, ಹೆಸರು ಎಲ್ಲಾ ತೆಗೆದು ಬರೀ ಕಸ್ಟಮರ್ ಐಡಿ ಇಟ್ಟು ಫೈಲ್ ಕೊಟ್ಟೆ. ಅದೇ ಆಗಸ್ಟಲ್ಲಿ ಡಿಜಿಟಲ್ ಪರ್ಸನಲ್ ಡೇಟಾ ಕಾಯ್ದೆ ಪಾಸಾಗಿತ್ತು, ಅದಿಲ್ಲದಿದ್ರೂ ಜನರ ನಂಬರ್ ಹೊರಗಡೆಯವರ ಕ್ಲೌಡಿಗೆ ಹಾಕೋಕೆ ನಂಗೆ ಮನಸ್ಸಿರಲಿಲ್ಲ.

ಒಂದು ವೆಂಡರ್ ಎರಡೇ ದಿನದಲ್ಲಿ 97 ಪರ್ಸೆಂಟ್ ಅಕ್ಯುರಸಿ ಅಂತ ರಿಪೋರ್ಟ್ ಕಳಿಸಿದ್ರು. ಓನರ್ ಖುಷಿಯಾಗಿ ಪಿಒ (ಖರೀದಿ ಆರ್ಡರ್) ಹಾಕು ಅಂದ್ಬಿಟ್ರು. ನಂಗೆ ಯಾಕೋ ಸಮಾಧಾನ ಆಗ್ಲಿಲ್ಲ. ಯಾವ ಕಾಲಮ್ಮಿಗೆ ಎಷ್ಟು ತೂಕ ಕೊಟ್ಟಿದೆ ಅಂತ ಕೇಳಿ ತರಿಸಿಕೊಂಡೆ, ಎಲ್ಲಕ್ಕಿಂತ ಮೇಲೆ "ಕೊನೇ ಕಾಲ್ ರಿಸಲ್ಟ್" ಅಂತ ಇತ್ತು. ಅದರಲ್ಲಿ ನಮ್ಮ ಕಾಲ್ ಸೆಂಟರ್‌ನೋರು "ಬೇಡ ಅಂದ್ರು" ಅಂತ ತುಂಬೋದೇ ಎಎಂಸಿ ಮುಗಿದು ಕಸ್ಟಮರ್ ಕೈತಪ್ಪಿದ ಮೇಲೆ. ಉತ್ತರ ಪತ್ರಿಕೆ ಕೈಗೆ ಕೊಟ್ಟು ಪರೀಕ್ಷೆ ಬರೆಸಿದ ಹಾಗೆ. ಇದಕ್ಕೆ ಡೇಟಾ ಲೀಕೇಜ್ ಅಂತಾರೆ. ಆ ಕಾಲಮ್ ತೆಗೆಸಿ ಮತ್ತೆ ಓಡಿಸಿದಾಗ ನಂಬರ್ ಬಿದ್ದೋಯ್ತು.

ಅಕ್ಯುರಸಿ ಅನ್ನೋ ಅಳತೇನೇ ಇಲ್ಲಿ ಉಪಯೋಗಕ್ಕೆ ಬರಲ್ಲ. ನೂರು ಜನರಲ್ಲಿ 20 ಜನ ಬಿಡ್ತಾರೆ ಅಂತಿಟ್ಕೊಳ್ಳಿ, "ಎಲ್ರೂ ಉಳೀತಾರೆ" ಅಂತ ಕಣ್ಮುಚ್ಚಿ ಹೇಳಿದ್ರೂ 80 ಪರ್ಸೆಂಟ್ ಸರಿ ಬರುತ್ತೆ, ಆದ್ರೆ ಬಿಡೋರಲ್ಲಿ ಒಬ್ರನ್ನೂ ಹಿಡಿದಿರಲ್ಲ. ನಮ್ಮವರು ದಿನಕ್ಕೆ 60 ಕಾಲ್ ಮಾಡಬಲ್ರು, ಹಾಗಾಗಿ ನಾನು ಕೇಳಿದ್ದು ಒಂದೇ: ನಿಮ್ಮ ಲಿಸ್ಟಿನ ಮೊದಲ 60 ಹೆಸರಲ್ಲಿ ನಿಜವಾಗ್ಲೂ ಬಿಡೋರು ಎಷ್ಟು ಜನ? ಅದನ್ನೂ ಡೇಟಾನ ಹೆಂಗೆ ಬೇಕೋ ಹಂಗೆ ಕಲಸಿ ಅರ್ಧ ಮಾಡಿ ನೋಡೋದಲ್ಲ, 2022ರ ಡಿಸೆಂಬರ್‌ವರೆಗಿನದ್ದು ಕಲಿಯೋಕೆ, 2023ರ ಜನವರಿಯಿಂದ ಜೂನ್‌ವರೆಗಿನದ್ದು ಪರೀಕ್ಷೆಗೆ. ಯಾವ ಸಾಫ್ಟ್‌ವೇರ್ ಆದ್ರೂ ಇದೇ ಫೈಲು, ಇದೇ ಪ್ರಶ್ನೆ.

ಹೀಗೆ ನೋಡಿದಾಗ ಸಾಫ್ಟ್‌ವೇರ್‌ಗಳ ನಡುವೆ ವ್ಯತ್ಯಾಸ ತುಂಬಾ ಕಮ್ಮಿ ಬಂತು. ಯಾಕಂದ್ರೆ ಒಳಗಿರೋ ಲೆಕ್ಕ ಎಲ್ಲಾ ಹೆಚ್ಚುಕಮ್ಮಿ ಒಂದೇ, ರ‍್ಯಾಂಡಮ್ ಫಾರೆಸ್ಟ್, ಲಾಜಿಸ್ಟಿಕ್ ರಿಗ್ರೆಶನ್ ಇಂಥವೇ. ವೆಕಾ ಅನ್ನೋ ಸಾಫ್ಟ್‌ವೇರ್ ನಾನು ಕಾಲೇಜ್ ಲ್ಯಾಬಲ್ಲಿ ಕಲಿತಿದ್ದೆ, ನ್ಯೂಜಿಲೆಂಡಿನ ವೈಕಾಟೊ ಯೂನಿವರ್ಸಿಟಿದು, ಕಲಿಯೋಕೆ ಒಳ್ಳೇದು ಆದ್ರೆ ದೊಡ್ಡ ಫೈಲ್ ಹಾಕಿದ್ರೆ ಮೆಮೊರಿ ತುಂಬಿಹೋಗುತ್ತೆ. ಸ್ಲೊವೇನಿಯಾದ ಆರೆಂಜ್ ಅನ್ನೋ ಸಾಫ್ಟ್‌ವೇರ್, ಚಿತ್ರ ತೋರಿಸಿ ಓನರ್‌ಗೆ ಅರ್ಥ ಮಾಡಿಸೋಕೆ ಬಹಳ ಚೆನ್ನಾಗಿತ್ತು. ಎಸ್‌ಪಿಎಸ್‌ಎಸ್ ಮಾಡೆಲರ್ ಹಳೇ ಹುಲಿ, 1994ರಲ್ಲಿ ಕ್ಲೆಮೆಂಟೈನ್ ಅಂತ ಬಂದಿದ್ದು, 2009ರಲ್ಲಿ ಐಬಿಎಂ ಕೈಗೆ ಹೋಯ್ತು, ಆದ್ರೆ ಲೈಸೆನ್ಸ್ ಖರ್ಚು, ಅದರ ಮೇಲೆ ಜಿಎಸ್‌ಟಿ ಎಲ್ಲಾ ಸೇರಿಸಿದ್ರೆ ನಮ್ಮಂಥ ಕಂಪನಿಗೆ ಭಾರ. ಪೈಥಾನ್ ಅನ್ನೋ ಕೋಡಿಂಗ್ ಭಾಷೆ ಫ್ರೀ, ಶಕ್ತೀನೂ ಜಾಸ್ತಿ. ಆದ್ರೆ ಹಿಂದೆ ನಮ್ಮಲ್ಲೊಬ್ಬ ಹುಡುಗ ಪೈಥಾನಲ್ಲಿ ರಿಪೋರ್ಟ್ ಮಾಡಿಕೊಟ್ಟು ಬೇರೆ ಕೆಲಸಕ್ಕೆ ಹೋದ ಮೇಲೆ ಅದನ್ನ ಮುಟ್ಟೋರೇ ಇರಲಿಲ್ಲ.

ಕೊನೆಗೆ ತಗೊಂಡಿದ್ದು ನೈಮ್. ಜರ್ಮನಿಯ ಕೊನ್‌ಸ್ಟಾಂಜ್ ಯೂನಿವರ್ಸಿಟಿಯಲ್ಲಿ ಹುಟ್ಟಿದ್ದು, 2006ರಲ್ಲಿ ಮೊದಲ ವರ್ಷನ್ ಬಂತು. ಡೆಸ್ಕ್‌ಟಾಪಿಂದು ಓಪನ್ ಸೋರ್ಸ್, ದುಡ್ಡಿಲ್ಲ, ಟೀಮಿಗೆ ಅಂತ ಸರ್ವರ್ ಬೇಕಂದ್ರೆ ಮಾತ್ರ ದುಡ್ಡು, ಡೇಟಾ ನಮ್ಮ ಮಷೀನಲ್ಲೇ ಇರುತ್ತೆ. ಆದ್ರೆ ನಾನು ಇದನ್ನ ಆರಿಸಿದ್ದು ನಮ್ಮ ಕಾಲ್ ಸೆಂಟರ್ ಮೇಡಂ ನೋಡಿ. ಬಿಕಾಂ ಓದಿದೋರು, ಕೋಡಿಂಗ್ ಗೊತ್ತಿಲ್ಲ. ನೈಮಲ್ಲಿ ಒಂದೊಂದು ಕೆಲಸಕ್ಕೂ ಸ್ಕ್ರೀನ್ ಮೇಲೆ ಒಂದೊಂದು ಡಬ್ಬಿ, ಕೆಳಗಡೆ ಸಿಗ್ನಲ್ ಥರ ಕೆಂಪು, ಹಳದಿ, ಹಸಿರು ದೀಪ. ಮೂರನೇ ದಿನ ಅವರೇ ಬಂದು "ಸಾರ್, ಏರಿಯಾ ಹೆಸರು ಸೇರಿಸೋ ಡಬ್ಬಿ ಹಳದೀಲೇ ನಿಂತಿದೆ, ಮುಂದಿಂದೂ ಓಡ್ತಿಲ್ಲ" ಅಂದ್ರು. ಏರಿಯಾ ಹೆಸರು ನಂಬೋದು ಬಿಟ್ಟು ಪಿನ್‌ಕೋಡ್ ಹಿಡಿಯೋಣ ಅಂದಿದ್ದೂ ಅವರೇ, ಸಮಸ್ಯೆ ಅರ್ಧ ಅಲ್ಲೇ ಬಗೆಹರೀತು.

2024ರ ಬೇಸಿಗೆ ನೆನಪಿದ್ಯಲ್ಲ, ಬೋರ್‌ವೆಲ್ ಬತ್ತಿ ಎಲ್ಲಾ ಕಡೆ ಟ್ಯಾಂಕರ್ ನೀರು. ಗಡಸು ನೀರಿಗೆ ಮೆಂಬ್ರೇನ್ ಬೇಗ ಹೋಗುತ್ತೆ, ಅಂಥ ಪಿನ್‌ಕೋಡಿನವರು ಎಎಂಸಿ ಬಿಡಲ್ಲ ಅಂತ ನಮ್ಮ ಮಾಡೆಲ್, ಅಂದ್ರೆ ಹಳೇ ಡೇಟಾದಿಂದ ನೈಮಲ್ಲಿ ತಯಾರಾದ ಲೆಕ್ಕ, ಕಲಿತಿತ್ತು. ಅಕ್ಟೋಬರಲ್ಲಿ ಬೆಂಗಳೂರಿನ ಕಾವೇರಿ ನೀರಿನ ಐದನೇ ಹಂತ ಶುರುವಾಯ್ತು, 110 ಹಳ್ಳಿಗಳಿಗೆ ದಿನಕ್ಕೆ 775 ದಶಲಕ್ಷ ಲೀಟರ್. ಕನೆಕ್ಷನ್ ಸಿಕ್ಕ ಮನೆಯವರು "ಕಾವೇರಿ ಬಂತಲ್ಲ, ಆರ್‌ಓ ಪ್ಯೂರಿಫೈಯರ್ ಯಾಕೆ" ಅನ್ನೋಕೆ ಶುರು ಮಾಡಿದ್ರು. ಮಾಡೆಲ್ ಲಿಸ್ಟಲ್ಲಿ ಅವರ ಹೆಸರೇ ಇಲ್ಲ! ಮೇಡಂಗೆ ಇದು ಫೋನಲ್ಲೇ ಗೊತ್ತಾಯ್ತು. "ಕಾವೇರಿ ಇದ್ಯಾ" ಅಂತ ಒಂದು ಕಾಲಮ್ ಸೇರಿಸಿ, ಹೊಸ ತಿಂಗಳುಗಳ ಡೇಟಾ ಹಾಕಿ, ಒಂದು ಮಧ್ಯಾಹ್ನದಲ್ಲಿ ಅವರೇ ಮತ್ತೆ ಟ್ರೇನ್ ಮಾಡಿದ್ರು, ನಾನು ಪಕ್ಕದಲ್ಲಿ ಕೂತಿದ್ದೆ ಅಷ್ಟೆ. ಈಗ ಪ್ರತಿ ಸೋಮವಾರ ಬೆಳಿಗ್ಗೆ ಅವರೇ ಓಡಿಸ್ತಾರೆ, ಹತ್ತು ಗಂಟೆಗೆ 60 ಹೆಸರಿನ ಲಿಸ್ಟ್ ಟೇಬಲ್ ಮೇಲಿರುತ್ತೆ.