ಮಗುವಿನ ಗಡ್ಡೆಗೆ ಆಪರೇಷನ್: ಹಾಲು ಎಷ್ಟಕ್ಕೆ ನಿಲ್ಲಿಸಬೇಕು?

ಪುಟ್ಟ ಮಕ್ಕಳ ಮೈಮೇಲೆ ಕಾಣುವ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಹುಬ್ಬಿನ ತುದಿಯ ಡರ್ಮಾಯ್ಡ್ (ಚರ್ಮದಡಿಯ ಚೀಲದಂಥ ಗಂಟು), ಬೆನ್ನಿನ ಕೊಬ್ಬಿನ ಗಡ್ಡೆ ಇಂಥವೇ. ಆದರೂ ಮನೆಯಲ್ಲೇ ತೀರ್ಮಾನ ಮಾಡಬೇಡಿ. ಸುಣ್ಣ ಹಚ್ಚುವುದು, ಹಿಚುಕುವುದು ಬೇಡವೇ ಬೇಡ. ‘ಗಡ್ಡೆ ಕರಗಿಸುವ’ ಎಣ್ಣೆಗಳಿಗೆ ದುಡ್ಡು ಸುರಿಯಲೂಬೇಡಿ.

ಮೊದಲು ಮಕ್ಕಳ ಸರ್ಜನ್‌ಗೆ ತೋರಿಸಿ. ಸಾಮಾನ್ಯವಾಗಿ ಅಲ್ಟ್ರಾಸೌಂಡ್ ಆಗುತ್ತದೆ. ಗಂಟು ಮೂಗಿನ ಮೇಲೆ ನಟ್ಟನಡುವೆ ಇದ್ದರೆ ಎಂಆರ್‌ಐ ಇಲ್ಲದೆ ಕತ್ತರಿ ಹಾಕಿಸಬೇಡಿ, ಅದರ ಬೇರು ತಲೆಬುರುಡೆಯೊಳಗೆ ಹೋಗಿರಬಹುದು. ಹುಟ್ಟಿದ ಕೆಲವೇ ವಾರಗಳಲ್ಲಿ ಕೆಂಪಗೆ ಉಬ್ಬುವ ರಕ್ತನಾಳದ ಗಂಟಾದ ಹೆಮಾಂಜಿಯೋಮಾಗೆ ಸಾಮಾನ್ಯವಾಗಿ ಆಪರೇಷನ್ನೇ ಬೇಡ. ಬಹುಪಾಲು ತಾನಾಗಿ ಇಳಿಯುತ್ತದೆ, ತೊಂದರೆ ಕೊಟ್ಟರೆ ಪ್ರೊಪ್ರನೊಲಾಲ್ ಎಂಬ ಔಷಧಿ ಇದೆ.

ಇನ್ನು ಹೊಟ್ಟೆ ಖಾಲಿ ಇಡುವ ವಿಷಯ. ಎಲ್ಲರೂ ಎಡವುವುದು ಇಲ್ಲೇ. ಅರಿವಳಿಕೆ ಕೊಟ್ಟಾಗ ಹೊಟ್ಟೆಯಲ್ಲಿರುವುದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ಅದಕ್ಕೇ ಈ ಕಟ್ಟುನಿಟ್ಟು. ಸಾಮಾನ್ಯ ಲೆಕ್ಕ ಹೀಗಿದೆ: ಊಟ, ಹಸುವಿನ ಹಾಲು, ಪೌಡರ್ ಹಾಲು 6 ಗಂಟೆ ಮುಂಚೆ ನಿಲ್ಲಬೇಕು. ಎದೆಹಾಲು 4 ಗಂಟೆ ಮುಂಚೆ, ಬರೀ ನೀರು 2 ಗಂಟೆ ಮುಂಚೆ. ಬೆಳಿಗ್ಗೆ 9ಕ್ಕೆ ಆಪರೇಷನ್ ಅಂದರೆ ಬಾಟಲಿ ಹಾಲು 3ಕ್ಕೆ, ಎದೆಹಾಲು 5ಕ್ಕೆ, ನೀರು 7ಕ್ಕೆ ಕೊನೆ. ನಿಮ್ಮ ಅರಿವಳಿಕೆ ವೈದ್ಯರು ಬೇರೆ ಸಮಯ ಹೇಳಿದರೆ ಅದೇ ಸರಿ.

ಹಾಲು ನೀರಿನಂತಲ್ಲ, ಹೊಟ್ಟೆಯಲ್ಲಿ ಒಡೆದು ಗಟ್ಟಿಯಾಗುತ್ತದೆ. ರಾಗಿ ಸರಿ ಆಗಲಿ, ಗಂಜಿ ಆಗಲಿ, ಎಷ್ಟೇ ತೆಳ್ಳಗಿದ್ದರೂ ಊಟವೇ. ‘ಪಾಪ, ಒಂದೇ ಬಿಸ್ಕತ್ತು’ ಎಂದು ಅಜ್ಜಿ ಕೊಟ್ಟರೆ ಆಪರೇಷನ್ ಮುಂದಕ್ಕೆ ಹೋಗುತ್ತದೆ. ಕೊಟ್ಟಿದ್ದರೆ ಮುಚ್ಚಿಡದೆ ಹೇಳಿಬಿಡಿ.

ಇದಕ್ಕೆ ಉಲ್ಟಾ ತಪ್ಪೂ ಜಾಸ್ತಿ. ರಾತ್ರಿ ಊಟದಿಂದಲೇ ಹನಿ ನೀರೂ ಕೊಡದೆ ಕೂರಿಸುತ್ತಾರೆ. ಮಗು ಬಳಲುತ್ತದೆ, ಸಕ್ಕರೆ ಇಳಿಯಬಹುದು, ಸೂಜಿಗೆ ನರ ಸಿಗುವುದೂ ಕಷ್ಟ. 9ಕ್ಕೆ ಆಪರೇಷನ್ ಇದ್ದರೆ 7ರೊಳಗೆ ಎಬ್ಬಿಸಿ ನೀರು ಕುಡಿಸಿ. ಆಪರೇಷನ್ ತಡವಾದರೆ ‘ಇನ್ನಷ್ಟು ನೀರು ಕೊಡಲೇ?’ ಎಂದು ನರ್ಸ್ ಹತ್ತಿರ ಕೇಳಿ, ಸಂಕೋಚ ಬೇಡ. ನೀರನ್ನು 1 ಗಂಟೆ ಮುಂಚಿನವರೆಗೂ ಬಿಡುವ ಆಸ್ಪತ್ರೆಗಳು ಯೂರೋಪಿನಲ್ಲಿ ಹಲವಿವೆ.

ಉಳಿದದ್ದು ಸರ್ಜನ್ ಕೆಲಸ. ಡರ್ಮಾಯ್ಡನ್ನು ಚೀಲದ ಸಮೇತ ತೆಗೆಯುತ್ತಾರೆ. ಚೀಲದ ಗೋಡೆ ಉಳಿದರೆ ಮತ್ತೆ ಬೆಳೆಯಬಹುದು. ಚಿಕ್ಕ ಗಂಟಾದರೆ ಎಷ್ಟೋ ಸಲ ಅದೇ ದಿನ ಮನೆಗೆ ಕಳಿಸುತ್ತಾರೆ.

ಗಾಯಕ್ಕೆ ಪೌಡರ್, ಅರಿಶಿನ ಬೇಡ. ಕೀವು, ಜ್ವರ, ಹೆಚ್ಚುವ ಊತ ಕಂಡರೆ ತಕ್ಷಣ ವಾಪಸ್ ಹೋಗಿ. ತೆಗೆದ ಗಡ್ಡೆಯನ್ನು ಲ್ಯಾಬ್‌ಗೆ ಕಳಿಸಿದರಾ ಎಂದು ಕೇಳಿ, ರಿಪೋರ್ಟ್ ಬಂದ ಮೇಲೆ ಸರ್ಜನ್‌ಗೆ ತೋರಿಸಿ.