ಎರಡೇ ಎಲ್‌ಪಿಯ ಬ್ಯಾಂಡ್: ಮುಂಬೈಯಲ್ಲಿ ಬಗಲ್ಸ್ ರೆಕಾರ್ಡ್ ಹುಡುಕುವುದು ಹೇಗೆ

ರೆಕಾರ್ಡ್ ಕೂಡಿಸೋಣ ಅಂತ ಹೊರಟವರು ಸಾಮಾನ್ಯವಾಗಿ ದೊಡ್ಡ ಹೆಸರಿಗೇ ಕೈ ಹಾಕುತ್ತಾರೆ. ಹತ್ತಿಪ್ಪತ್ತು ಆಲ್ಬಮ್, ಒಂದೊಂದಕ್ಕೂ ನಾಲ್ಕಾರು ದೇಶದ ಪ್ರತಿ, ಮುಗಿಯುವ ಮಾತೇ ಇಲ್ಲ. ದುಡ್ಡು ಮಾತ್ರ ಬೇಗ ಮುಗಿಯುತ್ತದೆ. ಹೊಸಬರಿಗೆ ನನ್ನ ಸಲಹೆ ಇಷ್ಟೇ: ಬೇಗ ಅಂಗಡಿ ಮುಚ್ಚಿದ ಬ್ಯಾಂಡ್ ಒಂದನ್ನು ಹಿಡಿಯಿರಿ. ಇಂಗ್ಲೆಂಡಿನ ನ್ಯೂ ವೇವ್ ಪಾಪ್ ಜೋಡಿ ಬಗಲ್ಸ್ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಎರಡೇ ಆಲ್ಬಮ್, ಬೆರಳಲ್ಲಿ ಎಣಿಸುವಷ್ಟು ಸಿಂಗಲ್ (ಒಂದೆರಡು ಹಾಡಿನ ಸಣ್ಣ ರೆಕಾರ್ಡ್), ಖೇಲ್ ಖತಂ.

ಹುಡುಕಲು ಹೊರಡುವ ಮುಂಚೆ ಅವರ ಕತೆ ಗೊತ್ತಿರಬೇಕು. ಯಾವ ಹೆಸರು ಕಂಡರೆ ಕೈ ನಿಲ್ಲಬೇಕು ಅನ್ನೋದು ಅದರಿಂದಲೇ ತಿಳಿಯುತ್ತದೆ.

1977ರಲ್ಲಿ ಲಂಡನ್ನಿನಲ್ಲಿ ಶುರುವಾದ ಬ್ಯಾಂಡ್ ಇದು. ಟ್ರೆವರ್ ಹಾರ್ನ್ ಬಾಸ್ ಗಿಟಾರ್, ಜೆಫ್ ಡೌನ್ಸ್ ಕೀಬೋರ್ಡ್. ಇಬ್ಬರೂ ಅದಕ್ಕೆ ಮುಂಚೆ ಟೀನಾ ಚಾರ್ಲ್ಸ್ ಅನ್ನುವ ಗಾಯಕಿಯ ಹಿಂದೆ ನಿಂತು ನುಡಿಸುತ್ತಿದ್ದವರು. ಬ್ರೂಸ್ ವುಲಿ ಅಂತ ಮೂರನೆಯವನೂ ಇದ್ದ. 'ವಿಡಿಯೋ ಕಿಲ್ಡ್ ದ ರೇಡಿಯೋ ಸ್ಟಾರ್' ಬರೆದದ್ದು ಮೂವರೂ ಸೇರಿ. ಆಮೇಲೆ ವುಲಿ ಬೇರೆಯಾಗಿ, ಕ್ಯಾಮೆರಾ ಕ್ಲಬ್ ಅನ್ನುವ ತನ್ನದೇ ಬ್ಯಾಂಡ್ ಕಟ್ಟಿ ಅದೇ ಹಾಡನ್ನು ತಾನೂ ರೆಕಾರ್ಡ್ ಮಾಡಿದ. ಗೆದ್ದದ್ದು ಬಗಲ್ಸ್: 1979ರ ಸೆಪ್ಟೆಂಬರ್‌ನಲ್ಲಿ ಸಿಂಗಲ್ ಬಂತು, ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನ. 1980ರ ಜನವರಿಯಲ್ಲಿ ಮೊದಲ ಆಲ್ಬಮ್ 'ದ ಏಜ್ ಆಫ್ ಪ್ಲಾಸ್ಟಿಕ್'.

ಆಮೇಲಿನದು ವಿಚಿತ್ರ. 'ಯೆಸ್' ಅನ್ನುವ ಭಾರೀ ರಾಕ್ ಬ್ಯಾಂಡಿನಿಂದ ಗಾಯಕ ಜಾನ್ ಆಂಡರ್ಸನ್, ಕೀಬೋರ್ಡಿನ ರಿಕ್ ವೇಕ್‌ಮನ್ ಇಬ್ಬರೂ ಹೊರಬಿದ್ದಿದ್ದರು. ಪಾಪ್ ಹಾಡಿನ ಈ ಇಬ್ಬರು ಹೋಗಿ ಅವರ ಜಾಗದಲ್ಲಿ ಕೂತರು! ಅಲ್ಲಿ 'ಡ್ರಾಮಾ' ಅಂತ ಒಂದು ಆಲ್ಬಮ್ ಆಯಿತು, 1980ರಲ್ಲೇ. ಅದೂ ಬಾಳಲಿಲ್ಲ. ವಾಪಸ್ ಬಂದು ಬಗಲ್ಸ್‌ನ ಎರಡನೇ ಆಲ್ಬಮ್ಮಿಗೆ ಕೈ ಹಾಕಿದಾಗ ಡೌನ್ಸ್ 'ಏಷ್ಯಾ' ಅನ್ನುವ ಹೊಸ ಬ್ಯಾಂಡಿಗೆ ಹೊರಟ. ಉಳಿದದ್ದನ್ನು ಹೆಚ್ಚುಕಡಿಮೆ ಹಾರ್ನ್ ಒಬ್ಬನೇ ಮುಗಿಸಿದ. 'ಅಡ್ವೆಂಚರ್ಸ್ ಇನ್ ಮಾಡರ್ನ್ ರೆಕಾರ್ಡಿಂಗ್' 1981ರ ಕೊನೆಗೆ ಬಂತು, ಬ್ರಿಟನ್ನಿನಲ್ಲಿ ಯಾರೂ ಹೆಚ್ಚು ಕೇಳಲಿಲ್ಲ. ತಮಾಷೆ ನೋಡಿ, 1981ರ ಆಗಸ್ಟ್ 1ರಂದು ಅಮೆರಿಕದಲ್ಲಿ ಹಾಡಿನ ವಿಡಿಯೋಗಳ ಚಾನೆಲ್ ಎಂಟಿವಿ ಶುರುವಾದಾಗ ಮೊಟ್ಟಮೊದಲು ಹಾಕಿದ್ದು ಇವರ 'ವಿಡಿಯೋ ಕಿಲ್ಡ್ ದ ರೇಡಿಯೋ ಸ್ಟಾರ್' ಹಾಡನ್ನೇ. ಆ ಹೊತ್ತಿಗೆ ಬ್ಯಾಂಡ್ ಅರ್ಧಕ್ಕರ್ಧ ಖಾಲಿ.

ಈಗ ಹುಡುಕಾಟಕ್ಕೆ ಬನ್ನಿ. ಕಾಲಾ ಘೋಡಾದ ಹಳೇ ರೆಕಾರ್ಡ್ ಅಂಗಡಿ ರಿದಮ್ ಹೌಸ್ 2016ರಲ್ಲೇ ಮುಚ್ಚಿತು, ಆ ಕಡೆ ಹೋಗಿ ಕೊರಗುವುದು ಬೇಡ. ಹಳೇ ಮಾಲಿಗೆ ಚೋರ್ ಬಜಾರಿನ ಮಟನ್ ಸ್ಟ್ರೀಟ್. ಗ್ರಾಂಟ್ ರೋಡಿನಲ್ಲಿ ಇಳಿದು ನಡೆದರಾಯಿತು. ಶುಕ್ರವಾರ ಮಾತ್ರ ಬೇಡ, ಅಂಗಡಿಗಳು ಮುಚ್ಚಿರುತ್ತವೆ. ಅವತ್ತು ರಸ್ತೆ ಮೇಲೆ ಹಾಸಿಕೊಂಡು ಮಾರುವವರೇ ಜಾಸ್ತಿ, ಅದಕ್ಕೆ ನಸುಕಿನಲ್ಲೇ ಎದ್ದು ಹೋಗುವ ಉಮೇದು ಬೇಕು. ಚೌಕಾಸಿ ಹಿಂದಿಯಲ್ಲಿ ಮಾಡಿ, ಬ್ಯಾಂಡಿನ ಹೆಸರು ಹೇಳಿ ಕೇಳಬೇಡಿ. ಹೆಸರು ಹೇಳಿದ ಕೂಡಲೇ ರೇಟು ಏರುತ್ತದೆ. 'ಅಂಗ್ರೇಜಿ ಕಾ ಮಾಲ್ ದಿಖಾವೋ' ಅನ್ನಿ ಸಾಕು, ಗುಡ್ಡೆಯನ್ನು ನೀವೇ ಮಗುಚಿ ನೋಡಿ. ಓಡಾಟ ಬೇಡ, ತೊಳೆದಿಟ್ಟ ಮಾಲೇ ಸಾಕು ಅನ್ನುವವರಿಗೆ ಮಾಹಿಮ್‌ನಲ್ಲಿ ರಿವಾಲ್ವರ್ ಕ್ಲಬ್ ಅನ್ನುವ ರೆಕಾರ್ಡ್ ಅಂಗಡಿ ಇದೆ.

ಇದಕ್ಕಿಂತ ಒಳ್ಳೆಯ ಜಾಗ ನಮ್ಮ ಮುಂಬೈ ಕನ್ನಡಿಗರ ಮನೆಗಳೇ. ಮಾಟುಂಗ, ಮಾಹಿಮ್, ವಡಾಲಾ ಕಡೆಯ ಹಳೇ ಬಿಲ್ಡಿಂಗ್‌ಗಳು ಒಂದೊಂದಾಗಿ ರೀಡೆವಲಪ್‌ಮೆಂಟಿಗೆ ಹೋಗುತ್ತಿವೆ, ಅಟ್ಟದ ಮೇಲಿನದೆಲ್ಲ ಒಂದೇ ವಾರದಲ್ಲಿ ಕೆಳಗೆ ಬರುತ್ತದೆ. ಎಂಬತ್ತರ ದಶಕದಲ್ಲಿ ಗಲ್ಫಿಗೋ ಹಡಗಿಗೋ ಹೋಗಿದ್ದ ಮಾವನೊಬ್ಬ ಎಷ್ಟೋ ಮನೆಗಳಲ್ಲಿ ಇರುತ್ತಾನೆ, ಅವನು ತಂದ ರೆಕಾರ್ಡುಗಳೂ ಇರುತ್ತವೆ. ಮಾಟುಂಗದ ಕನ್ನಡ ಸಂಘ ಮೈಸೂರು ಅಸೋಸಿಯೇಷನ್ನಿನ ನಾಟಕಕ್ಕೆ ಹೋದಾಗ ಸುಮ್ನೆ ನಾಲ್ಕು ಜನ ಹಿರಿಯರ ಕಿವಿಗೆ ಹಾಕಿಡಿ: 'ಮಾಮಾ, ಹಳೇ ಪ್ಲೇಟು ಇದ್ರೆ ರದ್ದಿವಾಲಾನಿಗೆ ಕೊಡೋ ಮೊದಲು ನಂಗೊಂದು ಫೋನ್ ಮಾಡಿ.' ಕೊಟ್ಟರೆ ಪುಕ್ಕಟೆ ತರಬೇಡಿ, ಏನಾದರೂ ಕೊಟ್ಟು ತನ್ನಿ. ಮುಂದಿನ ಸಲ ಬೇರೆಯವರ ಮನೆಯಿಂದಲೂ ಅವರೇ ಹೇಳಿ ಕಳಿಸುತ್ತಾರೆ.

ಕೈಗೆ ಪ್ರತಿ ಸಿಕ್ಕಿತು ಅನ್ನಿ. ಕವರ್ ನೋಡಿ ಮರುಳಾಗಬೇಡಿ, ರೆಕಾರ್ಡ್ ಹೊರಗೆ ತೆಗೆಯಿರಿ. ಅಂಚು ಮತ್ತು ನಡುವಿನ ಲೇಬಲ್ ಮಾತ್ರ ಮುಟ್ಟಿ. ಬಾಗಿಲ ಬಳಿ ಹೋಗಿ ಬೆಳಕಿಗೆ ಓರೆಯಾಗಿ ಹಿಡಿಯಿರಿ. ಕೂದಲೆಳೆಯಂಥ ಗೀರು ಕಣ್ಣಿಗೆ ಎಷ್ಟೇ ಕೆಟ್ಟದಾಗಿ ಕಂಡರೂ ಎಷ್ಟೋ ಸಲ ಕಿವಿಗೆ ಗೊತ್ತಾಗುವುದಿಲ್ಲ. ಉಗುರು ಮೆಲ್ಲಗೆ ಸವರಿದಾಗ ತಡೆಯುವ ಗೀರು ಇದ್ದರೆ ಸೂಜಿ ಎಗರುವ ಸಾಧ್ಯತೆ ಹೆಚ್ಚು. ಲೇಬಲ್ಲಿನ ತೂತಿನ ಸುತ್ತ ಜೇಡರ ಬಲೆಯಂಥ ಸಣ್ಣ ಗೆರೆಗಳು ತುಂಬಾ ಇದ್ದರೆ ಅದು ಸಿಕ್ಕಾಪಟ್ಟೆ ಓಡಿದ ಪ್ರತಿ. ಕೊನೆಗೆ ಕಣ್ಣಿನ ಮಟ್ಟಕ್ಕೆ ಅಡ್ಡ ಹಿಡಿದು ಬಾಗಿದೆಯಾ ನೋಡಿ. ಕವರಿನ ಹಿಂದೆ ಬಾರ್‌ಕೋಡ್ ಇದ್ದರೆ ಅದು 1980ರ ಮೊದಲ ಬ್ರಿಟಿಷ್ ಮುದ್ರಣ ಆಗಿರುವುದು ಕಷ್ಟ. ಇನ್ನೂ ಖಾತ್ರಿ ಬೇಕಿದ್ದರೆ ಹಾಡು ಮುಗಿದ ಮೇಲಿನ ನುಣುಪು ಜಾಗದಲ್ಲಿ ಕೊರೆದ ಅಕ್ಷರ, ನಂಬರ್ ಇರುತ್ತದೆ, ಅದರ ಫೋಟೋ ತೆಗೆದು ರೆಕಾರ್ಡುಗಳ ವಿವರ ಇರುವ ವೆಬ್‌ಸೈಟ್ ಡಿಸ್ಕಾಗ್ಸ್‌ನಲ್ಲಿ ತಾಳೆ ನೋಡಿ.

ಅಂಗಡಿಯಲ್ಲಿ ಹಾಕಿ ಕೇಳಿಸುತ್ತಾರೆ ಅಂದರೆ ಎಲ್ಲಿ ಸೂಜಿ ಇಡಬೇಕು ಗೊತ್ತಿರಲಿ. ಎಲ್ಲರೂ ಮೊದಲ ಹಾಡಿನ ಮೇಲೆ ಇಡುತ್ತಾರೆ, ಅಲ್ಲಿ ಎಂಥ ರೆಕಾರ್ಡೂ ಸುಮಾರಾಗಿ ಚೆನ್ನಾಗೇ ಕೇಳಿಸುತ್ತದೆ. ನೀವು 'ದ ಏಜ್ ಆಫ್ ಪ್ಲಾಸ್ಟಿಕ್'ನ ಮೊದಲ ಬದಿಯ ಎರಡನೇ ಹಾಡಿಗೆ ಹೋಗಿ, ಆ ಫೇಮಸ್ ಹಾಡೇ ಅದು. ಶುರುವಿನಲ್ಲಿ ಪಿಯಾನೋ ಮೆಲ್ಲಗೆ ಬರುತ್ತದೆ, ಆಮೇಲೆ ಹಾರ್ನ್‌ನ ದನಿ, ಹಳೇ ರೇಡಿಯೋದಿಂದ ಬಂದ ಹಾಗೆ ಬೇಕಂತಲೇ ಸಣ್ಣ ಮಾಡಿದ್ದು. ದನಿ ಕಿರಿದಾಗಿದೆ ಅಂತ ರೆಕಾರ್ಡನ್ನು ಬೈಯಬೇಡಿ, ಹಿಂದೆ ಚಟಪಟ ಇದೆಯಾ ಅಂತ ಮಾತ್ರ ಕಿವಿಗೊಡಿ. ಆಮೇಲೆ ಅದೇ ಬದಿಯ ಕೊನೆಯ 'ಐ ಲವ್ ಯು (ಮಿಸ್ ರೋಬಾಟ್)'. ಸವೆತ ಎಲ್ಲಕ್ಕಿಂತ ಹೆಚ್ಚು ಗೊತ್ತಾಗುವುದು ಲೇಬಲ್ಲಿಗೆ ಹತ್ತಿರದ ಗೆರೆಗಳಲ್ಲಿ. ಅಲ್ಲಿ 'ಸ' ಅನ್ನುವ ಸದ್ದು ಸೀಳಿದ ಹಾಗೆ ಕೇಳಿಸಿದರೆ ಬಿಟ್ಟುಬಿಡಿ, ಎಷ್ಟು ತೊಳೆದರೂ ಅದು ಹೋಗುವುದಿಲ್ಲ.

ತೊಳೆಯುವುದಕ್ಕೆ ಡಿಸ್ಟಿಲ್ಡ್ ನೀರು, ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್, ಮೆತ್ತನೆ ಬಟ್ಟೆ. ಗೆರೆಗಳ ಜೊತೆಗೇ ಸುತ್ತಲೂ ಒರೆಸಿ, ಅಡ್ಡಡ್ಡ ಬೇಡ. ಆಮೇಲೆ ಬರೀ ಡಿಸ್ಟಿಲ್ಡ್ ನೀರಿನಲ್ಲಿ ಇನ್ನೊಮ್ಮೆ. ಒಂದು ಎಚ್ಚರಿಕೆ: ಅದೇ ಗುಡ್ಡೆಯಿಂದ ಭಾರದ ಹಳೇ 78 ಆರ್‌ಪಿಎಂ ಪ್ಲೇಟುಗಳನ್ನೂ ತಂದಿದ್ದರೆ ಅವಕ್ಕೆ ಸ್ಪಿರಿಟ್, ಆಲ್ಕೋಹಾಲ್ ತಾಗಿಸಲೇಬೇಡಿ. ಅವು ಅರಗಿನವು, ಕರಗುತ್ತವೆ. ಮುಂಬೈ ಮಳೆಗಾಲಕ್ಕೆ ಕವರಿಗೆ ಬೂಷ್ಟು ಬರುವುದು ಗ್ಯಾರಂಟಿ, ಹೊರಗೋಡೆಗೆ ತಾಗಿಸಿ ಇಡಬೇಡಿ. ನೆಟ್ಟಗೆ ನಿಲ್ಲಿಸಿ, ಮಧ್ಯೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ.

ಬಗಲ್ಸ್ ಸಿಗದ ದಿನ ಬರಿಗೈಯಲ್ಲಿ ಬರಬೇಕಾಗಿಲ್ಲ. ಯೆಸ್‌ನ 'ಡ್ರಾಮಾ' ಸಿಕ್ಕರೆ ಎತ್ತಿಕೊಳ್ಳಿ. ಅದರಲ್ಲಿನ 'ಇನ್‌ಟು ದ ಲೆನ್ಸ್' ಹಾಡೇ ಬಗಲ್ಸ್‌ನ ಎರಡನೇ ಆಲ್ಬಮ್ಮಿನಲ್ಲಿ 'ಐ ಆ್ಯಮ್ ಎ ಕ್ಯಾಮೆರಾ' ಆಗಿ ಬಂದಿದೆ, ಎರಡನ್ನೂ ಒಂದರ ಹಿಂದೆ ಒಂದು ಹಾಕಿ ಕೇಳಿ. ನನಗೆ ಎರಡನೆಯದೇ ಇಷ್ಟ, ಆಡಂಬರ ಕಮ್ಮಿ. 1982ರ ಹಿಂದಿ ಸಿನಿಮಾ 'ಡಿಸ್ಕೋ ಡ್ಯಾನ್ಸರ್'ನ ರೆಕಾರ್ಡ್ ಕೂಡ ಈ ಸಾಲಿನಲ್ಲೇ ಇಡಬೇಕಾದ್ದು. ಉಷಾ ಉತ್ತುಪ್, ಬಪ್ಪಿ ಲಹಿರಿ ಹಾಡಿದ 'ಔವಾ ಔವಾ' ಎಲ್ಲಿಂದ ಬಂತು ಅಂತ 'ವಿಡಿಯೋ ಕಿಲ್ಡ್ ದ ರೇಡಿಯೋ ಸ್ಟಾರ್' ಕೇಳಿದ ಮೇಲೆ ನಿಮಗೇ ಗೊತ್ತಾಗುತ್ತದೆ ಬಿಡಿ.

ಎರಡನೇ ಆಲ್ಬಮ್ ನನ್ನ ಕಣ್ಣಿಗೆ ಮುಂಬೈಯಲ್ಲಿ ಬಿದ್ದಿಲ್ಲ. ಅದನ್ನು ಹೊರದೇಶದಿಂದ ತರಿಸುವುದೇ ವಾಸಿ. ರೆಕಾರ್ಡಿನ ಬೆಲೆ ನೋಡಿ ಖುಷಿಪಡುವ ಮೊದಲು ಅಂಚೆ ಖರ್ಚು, ಕಸ್ಟಮ್ಸ್ ಎರಡನ್ನೂ ಕೂಡಿಸಿ ನೋಡಿ. ದುಡ್ಡು ಕಳಿಸುವಾಗಲೇ ಮಾರುವವರಿಗೆ ಒಂದು ಸಾಲು ಬರೆಯಿರಿ, ರೆಕಾರ್ಡನ್ನು ಕವರಿನ ಒಳಗೆ ಇಡದೆ ಹಿಂದೆ ಬೇರೆಯಾಗಿ ಇಟ್ಟು ಪ್ಯಾಕ್ ಮಾಡಿ ಅಂತ. ಇಲ್ಲದಿದ್ದರೆ ದಾರಿಯಲ್ಲಿ ಅಲುಗಾಡಿ ಕವರಿನ ಅಂಚನ್ನು ಸೀಳಿಕೊಂಡು ಬರುತ್ತದೆ.